ಒಂದೇ ಸಾರುವೆ, ಮೂವರು ಕಾಂಟ್ರಾಕ್ಟರ್: ಅಪಾರ್ಟ್‌ಮೆಂಟ್ ರಿಪೇರಿಯಲ್ಲಿ ಹಂಚಿಕೊಳ್ಳೋದು ಹೇಗೆ

ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ಹೊರಗೋಡೆ ರಿಪೇರಿ ಅಂದರೆ ಬರೀ ಪೇಂಟ್ ಅಲ್ಲ. ಪೈಪ್ ಎಲ್ಲೋ ಸೋರುತ್ತಿರುತ್ತದೆ, ಕಿಟಕಿ ಮೇಲಿನ ಸಜ್ಜೆಯ ಗಾರೆ ಉದುರುತ್ತಿರುತ್ತದೆ, ಗೋಡೆ ಬಿರುಕು ಬಿಟ್ಟಿರುತ್ತದೆ. ಪ್ಲಂಬರ್, ಗಾರೆ ಮೇಸ್ತ್ರಿ, ಪೇಂಟಿಂಗ್ ಕಾಂಟ್ರಾಕ್ಟರ್ ಮೂವರೂ ತಮ್ಮ ತಮ್ಮ ಕೊಟೇಶನ್‌ನಲ್ಲಿ ಸಾರುವೆ (ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಅಟ್ಟಣೆ, ಸ್ಕ್ಯಾಫೋಲ್ಡಿಂಗ್) ಖರ್ಚು ಸೇರಿಸಿಯೇ ಕೊಡುತ್ತಾರೆ. ಅದೇ ಗೋಡೆಗೆ ಮೂರು ಸಲ ದುಡ್ಡು, ಅಲ್ವಾ? ಹಾಗಾಗಿ ಮೊದಲು ಸಾರುವೆ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿ ಅಂತ ಮೂವರಿಗೂ ಹೇಳಿ.

ಆಮೇಲೆ ಸಾರುವೆಯನ್ನು ಅಸೋಸಿಯೇಷನ್ನೇ ನೇರವಾಗಿ ಬಾಡಿಗೆಗೆ ತರಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಪೇಂಟರ್ ಕಟ್ಟಿಸಿದ ಸಾರುವೆಯನ್ನೇ ಉಳಿದವರೂ ಬಳಸಲಿ ಅಂತ ಬಿಟ್ಟರೆ, ಅವನ ಕೆಲಸ ಮುಗಿದ ದಿನ ಅದು ಇಳಿಯುತ್ತದೆ. ಮೇಸ್ತ್ರಿಯ ಕೆಲಸ ಅರ್ಧ ಆಗಿದ್ದರೂ ಅವನಿಗೆ ಸಂಬಂಧ ಇಲ್ಲ. ಯಾರಾದರೂ ಬಿದ್ದರೆ ಹೊಣೆ ಯಾರದು ಅನ್ನೋದಕ್ಕೆ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಾರೆ. ಸಾರುವೆಯನ್ನು ಬಾಡಿಗೆಗೆ ಕೊಡುವವರೇ ತಮ್ಮ ಹುಡುಗರಿಂದ ಕಟ್ಟಿ, ಅವರೇ ಬಿಚ್ಚಬೇಕು. ಕಬ್ಬಿಣದ ಪೈಪ್ ಸಾರುವೆ ಇರಲಿ, ಐಎಸ್ 3696 (ಸಾರುವೆ ಸುರಕ್ಷತೆಯ ಭಾರತೀಯ ಮಾನಕ) ಪ್ರಕಾರ ಕಟ್ಟಬೇಕು ಅಂತ ವರ್ಕ್ ಆರ್ಡರ್‌ನಲ್ಲಿ ಬರೆಸಿ. ಮೂವರು ಕಾಂಟ್ರಾಕ್ಟರೂ ತಮ್ಮ ಕೆಲಸಗಾರರ ಇನ್ಶೂರೆನ್ಸ್ ಕಾಪಿ ಕೊಟ್ಟ ಮೇಲೇ ಒಬ್ಬರನ್ನಾದರೂ ಮೇಲೆ ಹತ್ತಿಸಿ.

ಕಟ್ಟುವ ಮೊದಲು ಮೂವರು ಕಾಂಟ್ರಾಕ್ಟರ್ ಮತ್ತು ಸಾರುವೆಯವರು, ನಾಲ್ಕೂ ಜನರನ್ನು ಒಟ್ಟಿಗೆ ಕರೆಸಿ ಬಿಲ್ಡಿಂಗ್ ಸುತ್ತ ಒಂದು ಸುತ್ತು ಹಾಕಿಸಿ. ಗೋಡೆಯಿಂದ ಎಷ್ಟು ದೂರ ಇರಬೇಕು ಅನ್ನೋದು ಅಲ್ಲೇ ತೀರ್ಮಾನ ಆಗಬೇಕು, ಯಾಕೆಂದರೆ ಮೇಸ್ತ್ರಿಗೆ ಗೋಡೆ ಕೈಗೆ ಹತ್ತಿರ ಇರಬೇಕು, ಪೇಂಟರ್‌ಗೆ ರೋಲರ್ ಆಡಿಸಲು ಜಾಗ ಬೇಕು, ಪ್ಲಂಬರ್‌ಗೆ ಪೈಪ್ ಬಿಚ್ಚಿ ಹೊರಗೆ ತೆಗೆಯಲು ದಾರಿ ಬೇಕು. ಏಸಿ ಯೂನಿಟ್, ಗ್ರಿಲ್, ಹತ್ತಿರದ ಕರೆಂಟ್ ವೈರ್ ಎಲ್ಲ ಆಗಲೇ ಕಣ್ಣಿಗೆ ಬೀಳುತ್ತವೆ. ಭಾರದ ಲೆಕ್ಕ ಮಾತ್ರ ಮೇಸ್ತ್ರಿಯದ್ದೇ ಹಿಡಿಯಬೇಕು. ಸಿಮೆಂಟ್ ಮೂಟೆ ಒಂದಕ್ಕೆ 50 ಕೆಜಿ. ಹತ್ತು ಮೂಟೆ ಮೇಲೆ ಪೇರಿಸಿದರೆ ಅರ್ಧ ಟನ್ ಆಯಿತು. ಪೇಂಟ್ ಡಬ್ಬಕ್ಕೆ ಅಂತ ಹಾಕಿದ ಹಲಗೆ ಅದನ್ನು ತಡೆಯುವುದಿಲ್ಲ. ಮೂಟೆ ಕೆಳಗೇ ಇರಲಿ, ಕಲಸಿದ ಗಾರೆ ಬಾಂಡ್ಲಿಯಲ್ಲಿ ಸ್ವಲ್ಪ ಸ್ವಲ್ಪ ಮೇಲೆ ಹೋಗಲಿ.

ಕೆಲಸದ ಸರದಿ ಸುಲಭ: ಪೈಪ್, ಗಾರೆ ಮತ್ತು ಬಿರುಕು, ವಾಟರ್‌ಪ್ರೂಫಿಂಗ್, ಕೊನೆಗೆ ಪೇಂಟ್. ಕಷ್ಟ ಇರೋದು ಮಧ್ಯದ ಕಾಯುವಿಕೆಯಲ್ಲಿ. ಹೊಸ ಗಾರೆಗೆ ಕನಿಷ್ಠ ಒಂದು ವಾರ ನೀರು ಹೊಡೆಯಬೇಕು, ಪೇಂಟ್ ಹಚ್ಚಲು ಸುಮಾರು 28 ದಿನ ಒಣಗಬೇಕು. ಆತುರ ಮಾಡಿದರೆ ಬಣ್ಣ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಹೊರಬರುತ್ತದೆ. ಅಷ್ಟು ದಿನ ಸಾರುವೆ ಸುಮ್ನೆ ನಿಂತರೂ ಬಾಡಿಗೆ ಓಡುತ್ತಲೇ ಇರುತ್ತದೆ. ಅದಕ್ಕೆ ನಾಲ್ಕೂ ಕಡೆ ಒಟ್ಟಿಗೆ ಕಟ್ಟಿಸಬೇಡಿ. ಗಾರೆ ಕೆಲಸ ಜಾಸ್ತಿ ಇರುವ ಕಡೆ, ಒಂದು ತಿಂಗಳ ಬಾಡಿಗೆ ಎಷ್ಟು, ಬಿಚ್ಚಿ ಮತ್ತೆ ಕಟ್ಟಲು ಎಷ್ಟು ಅಂತ ಎರಡೂ ರೇಟು ಕೇಳಿ. ಕೆಲವೊಮ್ಮೆ ಎರಡು ಸಲ ಕಟ್ಟೋದೇ ಅಗ್ಗ, ಆಗ ಹಂಚಿಕೊಳ್ಳುವ ಹಟ ಬಿಡಿ. ಮಳೆಗಾಲ ಮುಗಿದ ಮೇಲೆ, ಡಿಸೆಂಬರ್ ಹೊತ್ತಿಗೆ ಶುರು ಮಾಡಿದರೆ ಈ ಲೆಕ್ಕ ಕೈಕೊಡುವುದು ಕಡಿಮೆ. ಯಾರಿಂದ ತಡವಾಯಿತೋ ಆ ದಿನಗಳ ಬಾಡಿಗೆ ಅವರ ಬಿಲ್ಲಿನಿಂದ ಕಟ್ ಅಂತ ಮೂವರ ಆರ್ಡರ್‌ನಲ್ಲೂ ಬರೆದಿರಬೇಕು.

ಈಗ ತುಂಬಾ ಮುಖ್ಯವಾದ ಮಾತು. ಸಾರುವೆಯನ್ನು ಗೋಡೆಗೆ ಹಿಡಿದಿಡುವ ಅಡ್ಡ ಪೈಪ್‌ಗಳಿರುತ್ತವೆ. ಪೇಂಟರ್ ಹುಡುಗನಿಗೆ ಅದರ ಹಿಂದಿನ ಅಂಗೈಯಗಲ ಜಾಗಕ್ಕೆ ರೋಲರ್ ಹೋಗುವುದಿಲ್ಲ, ಐದು ನಿಮಿಷ ಅಂತ ಕ್ಲ್ಯಾಂಪ್ ಸಡಿಲಿಸುತ್ತಾನೆ, ಮತ್ತೆ ಬಿಗಿ ಮಾಡುವುದು ಮರೆತುಹೋಗುತ್ತದೆ. ಮರುದಿನ ಅದೇ ಜಾಗಕ್ಕೆ ಏನೂ ಗೊತ್ತಿಲ್ಲದ ಪ್ಲಂಬರ್ ಹತ್ತುತ್ತಾನೆ. ಹಂಚಿಕೊಂಡ ಸಾರುವೆಯ ದೊಡ್ಡ ಅಪಾಯ ಇದೇ. ಕಟ್ಟಿದವರ ಹೊರತು ಯಾರೂ ಕ್ಲ್ಯಾಂಪ್, ಹಲಗೆ, ಕೈಪಟ್ಟಿ ಮುಟ್ಟಬಾರದು. ಬದಲಾವಣೆ ಬೇಕಾದರೆ ಫೋನ್ ಮಾಡಿ ಅವರನ್ನೇ ಕರೆಸಿ. ದಿನಾ ಬೆಳಿಗ್ಗೆ, ಜೋರು ಮಳೆ ಗಾಳಿ ಆದ ಮೇಲಂತೂ ತಪ್ಪದೆ, ಅವರ ಕಡೆಯ ಒಬ್ಬರು ನೋಡಿ ಏಣಿ ಬುಡದ ಬೋರ್ಡ್‌ನಲ್ಲಿ ತಾರೀಖು ಹಾಕಿ ಸೈನ್ ಮಾಡಲಿ. ಸೈನ್ ಇಲ್ಲದ ದಿನ ಯಾರೂ ಹತ್ತಬಾರದು, ಕೆಲಸ ನಿಂತರೂ ಪರವಾಗಿಲ್ಲ. ರಾತ್ರಿ ಕೆಳಗಿನ ಏಣಿ ತೆಗೆದಿಡಿ. ಮಕ್ಕಳು ಹತ್ತುತ್ತಾರೆ, ಕಳ್ಳರಿಗೂ ಬಾಲ್ಕನಿಗೆ ದಾರಿಯಾಗುತ್ತದೆ.

ಬಿಚ್ಚುವ ದಿನ ಮೇಸ್ತ್ರಿ ಕಡೆಯ ಒಬ್ಬ, ಪೇಂಟರ್ ಕಡೆಯ ಒಬ್ಬ ಇರಲೇಬೇಕು. ಮೇಲಿನಿಂದ ಒಂದೊಂದೇ ಹಂತ ಇಳಿಸುವಾಗ ಅಡ್ಡ ಪೈಪ್ ಇದ್ದ ತೂತು ಮುಚ್ಚಿ, ಬಣ್ಣ ಮುಟ್ಟಿಸಿ, ಆಮೇಲೆ ಕೆಳಗಿನ ಹಂತಕ್ಕೆ ಬರಬೇಕು. ಬಿಟ್ಟುಹೋದ ತೂತಿನಿಂದ ಮುಂದಿನ ಮಳೆಯಲ್ಲಿ ನೀರು ಒಳಗೆ ಬರುತ್ತದೆ. ಆ ಹಂತದ ಮನೆಯವರು ಕಿಟಕಿಯಿಂದ ತಮ್ಮ ಗೋಡೆ ನೋಡಿ ಸರಿ ಅಂದ ಮೇಲೇ ಪೈಪ್ ಇಳಿಯಲಿ. ಕೊನೆಗೆ ಪೈಪ್, ಕ್ಲ್ಯಾಂಪ್ ಎಣಿಸಿ ಕೊಟ್ಟು, ರಸೀದಿ ತಗೊಂಡು, ಡೆಪಾಸಿಟ್ ವಾಪಸ್ ಪಡೆಯಿರಿ.