ಗ್ಯಾಸ್ ಬದಲಿಸಿದೆ, ತಂಪು ಹೋಯಿತು

ಫ್ರಿಜ್ ರಿಪೇರಿ ನನ್ನ ಕಸುಬು. ಬದಿಯಡ್ಕದ ಹತ್ತಿರ ಸಣ್ಣ ಅಂಗಡಿ. ಈಗಿನ ಮನೆ ಫ್ರಿಜ್‌ಗಳಲ್ಲಿ ತಂಪು ಮಾಡಲು ಹೆಚ್ಚಾಗಿ ಇರುವುದು ಆರ್-600ಎ ಗ್ಯಾಸ್. ಒಂದು ಫ್ರಿಜ್‌ಗೆ 50 ಗ್ರಾಂ ಆಸುಪಾಸು ಬೇಕು, ತಕ್ಕಡಿ ಇಟ್ಟು ತೂಗಿಯೇ ಹಾಕುತ್ತೇನೆ. ಇಷ್ಟು ಗೊತ್ತಿರುವವನು ಸ್ವಂತ ಕಾರಿನ ಎಸಿಗೆ ಮಾತ್ರ ಕಣ್ಣಂದಾಜಿನಲ್ಲಿ ಗ್ಯಾಸ್ ಹಾಕಿದೆ. ಎರಡು ತಿಂಗಳು ಬೆವರಿದೆ.

ಕಾರು 2011ರದ್ದು, ಸಣ್ಣ ಪೆಟ್ರೋಲ್ ಕಾರು. ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಎಸಿ ಗ್ಯಾಸ್ ಆರ್-134ಎ, 450 ಗ್ರಾಂ ಎಂದಿದೆ. ಮಾರ್ಚ್‌ನಲ್ಲಿ ಕಂಪ್ರೆಸರ್ ಹೋಸಿನ ಓ-ರಿಂಗ್ ಒಣಗಿ ಗ್ಯಾಸ್ ಪೂರ್ತಿ ಸೋರಿಹೋಯಿತು. ಓ-ರಿಂಗ್ ಬದಲಿಸಿದೆ. ಅದೇ ಹೊತ್ತಿಗೆ ಮಂಗಳೂರಿಗೆ ಹೋಗಿದ್ದಾಗ ಹೈಡ್ರೋಕಾರ್ಬನ್ ಮಿಶ್ರಣದ ಕ್ಯಾನ್‌ಗಳು ಕಣ್ಣಿಗೆ ಬಿದ್ದವು. ಪ್ರೊಪೇನ್ ಮತ್ತು ಐಸೋಬ್ಯುಟೇನ್ ಬೆರೆಸಿದ ಗ್ಯಾಸ್. 134ಎ ಜಾಗಕ್ಕೆ ನೇರ ಹಾಕಬಹುದು, ಸ್ವಲ್ಪವೇ ಸಾಕು, ಕಂಪ್ರೆಸರ್‌ಗೂ ಹಗುರ ಎಂದು ಅಂಗಡಿಯವರು ಹೇಳಿದರು. 134ಎ ಓಝೋನಿಗೆ ಹಾನಿ ಮಾಡುವುದಿಲ್ಲ ನಿಜ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಈ ಮಿಶ್ರಣಕ್ಕೆ ಆ ದೋಷ ಇಲ್ಲವೆನ್ನುವಷ್ಟು ಕಡಿಮೆ. ನೋಡಿಯೇ ಬಿಡುವ ಎಂದು 170 ಗ್ರಾಮಿನ ನಾಲ್ಕು ಕ್ಯಾನ್ ತಂದೆ.

ಗ್ಯಾಸ್ ಹಾಕಿದ ಸಂಜೆ ಗುಡುಗು ಸಿಡಿಲು. ಲೈನಿನೊಳಗಿನ ಗಾಳಿ, ತೇವ ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪ್ ಇಟ್ಟು ಹತ್ತು ನಿಮಿಷ ಆಗಿತ್ತಷ್ಟೆ, ಕರೆಂಟ್ ಹೋಯಿತು. ನನ್ನದು ಹಳೇ ಪಂಪ್, ನಿಂತ ಕೂಡಲೇ ಹಿಂದಿನಿಂದ ಗಾಳಿ ಬಿಡುತ್ತದೆ. ವಾಲ್ವ್ ಮುಚ್ಚಲು ಓಡುವಷ್ಟರಲ್ಲಿ ಸೂಜಿ ಸೊನ್ನೆಗೆ ಬಂದಿತ್ತು. ಕರೆಂಟ್ ಬಂದ ಮೇಲೆ ಇನ್ನೊಂದು ಹತ್ತು ನಿಮಿಷ ಓಡಿಸಿದೆ, ಸಾಕು ಅನ್ನಿಸಿತು. ಕಂಪ್ರೆಸರ್ ಎಣ್ಣೆ ಸ್ವಲ್ಪ ಹಾಕಿದ್ದೆ. ಆ ಬಾಟಲಿಯ ಮುಚ್ಚಳ ತೆಗೆದು ಎಷ್ಟು ದಿನ ಆಗಿತ್ತೋ ದೇವರಿಗೇ ಗೊತ್ತು. ಕಾರ್ ಎಸಿಗೆ ಹಾಕುವ ಪಿಎಜಿ ಎಣ್ಣೆ ಗಾಳಿಯ ತೇವವನ್ನು ಉಪ್ಪಿನ ಹಾಗೆ ಹೀರುತ್ತದೆ. ನಮ್ಮ ಊರಿನ ಗಾಳಿಯಲ್ಲಿ ತೇವಕ್ಕೆ ಬರಗಾಲವೇ ಇಲ್ಲ, ಅಲ್ವಾ? ಗೊತ್ತಿದ್ದೂ ಮಾಡಿದ ತಪ್ಪು ಇದು.

ಒಂದು ಕ್ಯಾನ್ ಹಾಕಿ ಥರ್ಮಾಮೀಟರ್ ಅನ್ನು ತಂಪು ಗಾಳಿ ಬರುವ ನಡುವಿನ ವೆಂಟ್‌ಗೆ ಸಿಕ್ಕಿಸಿದೆ. ಹೊರಗೆ 33 ಡಿಗ್ರಿ, ವೆಂಟ್‌ನಲ್ಲಿ 14. ಮೊದಲು 8ರ ಹತ್ತಿರ ಬರುತ್ತಿತ್ತು. ಪಕ್ಕದ ಗ್ಯಾರೇಜಿನ ಗೆಳೆಯ ಕೈ ಒಡ್ಡಿ ನೋಡಿ "ಗ್ಯಾಸ್ ಕುರವಾಣ್" ಎಂದ. ಗ್ಯಾಸ್ ಕಮ್ಮಿ ಇದೆ ಅಂತ. ಎಸಿ ತಂಪಾಗದಿದ್ದರೆ ಎಲ್ಲರೂ ಮೊದಲು ಹೇಳುವ ಮಾತು ಇದೇ. ನಾನೂ ಗಿರಾಕಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಇನ್ನೂ ಅರ್ಧ ಕ್ಯಾನ್ ಹಾಕಿದೆ. ವೆಂಟ್ 17ಕ್ಕೆ ಏರಿತು.

ಗ್ಯಾಸ್ ಹೆಚ್ಚು ಹಾಕಿದಷ್ಟೂ ತಂಪು ಕಡಿಮೆಯಾದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ನಾನು ಮಾತ್ರ ಗ್ಯಾಸನ್ನೇ ಬೈದುಕೊಂಡು ಮೂರು ವಾರ ಹಾಗೇ ಓಡಾಡಿದೆ.

ಕೊನೆಗೆ ಒಂದು ಭಾನುವಾರ ಗೇಜ್ ಸಿಕ್ಕಿಸಿ ಕೂತೆ. ಅಕ್ಕನ ಮಗ ರಜೆಗೆ ಬಂದಿದ್ದ. ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರ್ ಒತ್ತಲು ಹೇಳಿದೆ, 1500 ಆರ್‌ಪಿಎಂ. ಕಡಿಮೆ ಒತ್ತಡದ ಕಡೆಯ ನೀಲಿ ಗೇಜ್ 48 ಪಿಎಸ್ಐ, ಹೆಚ್ಚು ಒತ್ತಡದ ಕಡೆಯ ಕೆಂಪು ಗೇಜ್ 290. ಎರಡೂ ಜಾಸ್ತಿ. ನೀಲಿ ಗೇಜಿನಲ್ಲಿ 28-30 ಇದ್ದರೆ ಕೂಲಿಂಗ್ ಕಾಯಿಲ್ ಒಳಗೆ ಗ್ಯಾಸ್ ಕುದಿಯುವುದು ಸೊನ್ನೆ ಡಿಗ್ರಿಯ ಹತ್ತಿರ. 48 ಆದರೆ 11 ಡಿಗ್ರಿಯ ಹತ್ತಿರ. ಕಾಯಿಲೇ 11 ಡಿಗ್ರಿ ಇದ್ದರೆ ವೆಂಟ್‌ನಲ್ಲಿ 8 ಡಿಗ್ರಿ ಗಾಳಿ ಎಲ್ಲಿಂದ ಬರಬೇಕು?

ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಮೇಲೆ ಪೈಪಿನಲ್ಲಿ ನೀರು ಬಿಟ್ಟೆ. ಕೆಂಪು ಗೇಜ್ ಸರಸರ 210ಕ್ಕೆ ಇಳಿಯಿತು. "ಮಾವ, 12 ಆಯ್ತು!" ಎಂದು ಒಳಗಿಂದ ಅಳಿಯ ಕೂಗಿದ. ನೀರು ಹಾಕಿದ ಕೂಡಲೇ ಹೀಗೆ ತಂಪು ಬಂದರೆ ಬಿಸಿ ಹೊರಗೆ ಹೋಗುತ್ತಿಲ್ಲ ಎಂದರ್ಥ. ಅದಕ್ಕೆ ಕಾರಣ ಮೂರು ಇರಬಹುದು: ಗ್ಯಾಸ್ ಹೆಚ್ಚಾಗಿದೆ, ಒಳಗೆ ಗಾಳಿ ಸೇರಿದೆ, ಇಲ್ಲಾ ಕಂಡೆನ್ಸರ್ ಕಟ್ಟಿದೆ. ನನ್ನ ಕಾರಿನಲ್ಲಿ ಮೂರೂ ಇದ್ದವು. ಆ ದಿನ ನನಗೆ ಕಂಡಿದ್ದು ಎರಡೇ.

ಗಾಳಿ ಸೇರಿದೆಯೇ ಎಂದು ತಿಳಿಯಲು ಕಾರನ್ನು ರಾತ್ರಿಯಿಡೀ ನೆರಳಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಗೇಜ್ ನೋಡಿದೆ. ಹೊರಗೆ 28 ಡಿಗ್ರಿ. ಆ ಉಷ್ಣಾಂಶಕ್ಕೆ 134ಎ ಸುಮಾರು 91 ತೋರಿಸಬೇಕು, ಈ ಮಿಶ್ರಣವೂ ಹೆಚ್ಚುಕಮ್ಮಿ ಅಷ್ಟೇ. ನನ್ನದು 118. ಇಲ್ಲೊಂದು ವಿಷಯ ಗಮನಿಸಬೇಕು. ಒಳಗೆ ದ್ರವ ಇರುವ ತನಕ ನಿಂತ ಕಾರಿನ ಒತ್ತಡ ಉಷ್ಣಾಂಶವನ್ನು ಹೇಳುತ್ತದೆ, ಗ್ಯಾಸ್ ಎಷ್ಟಿದೆ ಎಂದು ಹೇಳುವುದಿಲ್ಲ. ಅಡುಗೆ ಮನೆಯ ಸಿಲಿಂಡರ್ ನೋಡಿ. ತುಂಬಿದ್ದರೂ ಅರ್ಧ ಇದ್ದರೂ ಒಲೆ ಒಂದೇ ರೀತಿ ಉರಿಯುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಎತ್ತಿಯೇ ನೋಡುತ್ತೇವೆ, ಅಲ್ವಾ? ಹಾಗಾಗಿ 91 ಇರಬೇಕಾದಲ್ಲಿ 118 ಇದ್ದರೆ ಅದು ಮುಖ್ಯವಾಗಿ ಗಾಳಿಯ ಕಿತಾಪತಿ. ಗಾಳಿ ಕಂಡೆನ್ಸರ್‌ನಲ್ಲಿ ದ್ರವವಾಗುವುದಿಲ್ಲ, ಸುಮ್ನೆ ಜಾಗ ಹಿಡಿದು ಕೂರುತ್ತದೆ.

ಕ್ಯಾನಿನ ಮೇಲಿನ ಸಣ್ಣ ಅಕ್ಷರವನ್ನು ಆಮೇಲೆ ಕನ್ನಡಕ ಹಾಕಿ ಓದಿದೆ. 134ಎ ತೂಕದ ನೂರಕ್ಕೆ 35 ಪಾಲು ಮಾತ್ರ ಹಾಕಬೇಕು. 450ಕ್ಕೆ 158 ಗ್ರಾಂ. ಅಂದರೆ ಮೊದಲ ಒಂದು ಕ್ಯಾನೇ ಭರ್ತಿಯಾಗಿತ್ತು. ಗೆಳೆಯನ ಮಾತು ಕೇಳಿ ಹಾಕಿದ ಅರ್ಧ ಕ್ಯಾನ್ ಪೂರ್ತಿ ಹೆಚ್ಚುವರಿ. ಹೈಡ್ರೋಕಾರ್ಬನ್ ದ್ರವ ತುಂಬ ಹಗುರ, ಕಡಿಮೆ ತೂಕವೇ ಹೆಚ್ಚು ಜಾಗ ತುಂಬುತ್ತದೆ. ಹೆಚ್ಚಾದ ದ್ರವ ಕಂಡೆನ್ಸರಿನ ಕೆಳಗಿನ ಸಾಲುಗಳಲ್ಲಿ ನಿಂತುಬಿಡುತ್ತದೆ. ಬಿಸಿ ಬಿಡಲು ಉಳಿಯುವುದು ಮೇಲಿನ ಸಾಲುಗಳು ಮಾತ್ರ. ಸಾಲದ್ದಕ್ಕೆ ಆ ಅರ್ಧ ಕ್ಯಾನನ್ನು ನೆಟ್ಟಗೆ ಹಿಡಿದು ಹಾಕಿದ್ದೆ. ಹಾಗೆ ಹಿಡಿದರೆ ಬೇಗ ಆವಿಯಾಗುವ ಪ್ರೊಪೇನ್ ಪಾಲೇ ಹೆಚ್ಚು ಬರುತ್ತದೆ, ಒತ್ತಡ ಇನ್ನಷ್ಟು ಏರುತ್ತದೆ. ಮಿಶ್ರಣದ ಗ್ಯಾಸನ್ನು ಕ್ಯಾನ್ ತಲೆಕೆಳಗೆ ಹಿಡಿದು ದ್ರವವಾಗಿಯೇ ಬಿಡಬೇಕು. ಅದೂ ನಿಧಾನವಾಗಿ, ಇಲ್ಲದಿದ್ದರೆ ಕಂಪ್ರೆಸರ್ ದ್ರವ ನುಂಗಿ ಹಾಳಾಗುತ್ತದೆ.

ಇದ್ದ ಗ್ಯಾಸನ್ನು ತೋಟದ ಅಂಚಿನ ಬಯಲಿನಲ್ಲಿ ನಿಧಾನವಾಗಿ ಹೊರಬಿಟ್ಟೆ. 134ಎ ಆಗಿದ್ದರೆ ಹೀಗೆ ಬಿಡುವಂತಿಲ್ಲ, ಯಂತ್ರದಲ್ಲಿ ಹಿಡಿದಿಡಬೇಕು. ಇದು ಹೊತ್ತಿಕೊಳ್ಳುವ ಗ್ಯಾಸ್. ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತದೆ. ಹಾಗಾಗಿ ಬಾವಿಯ ಹತ್ತಿರ ಬೇಡ, ಶೆಡ್ಡಿನೊಳಗೂ ಬೇಡ. ತೋಟದ ಕೆಲಸದವರಿಗೆ ಅರ್ಧ ಗಂಟೆ ಬೀಡಿ ಬಂದ್.

ಈ ಸಲ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದೆ. ತಕ್ಕಡಿ ಮೇಲೆ ಕ್ಯಾನ್ ತಲೆಕೆಳಗೆ ನಿಲ್ಲಿಸಿ 158 ಗ್ರಾಂ ಹಾಕಿದೆ. ವೆಂಟ್ 9 ಡಿಗ್ರಿ. ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರು ದಿನ ಕಳೆದು ಕುಂಬಳೆಗೆ ಹೊರಟೆವು. ಸೀತಾಂಗೋಳಿ ದಾಟುವ ತನಕ ಹಿತವಾದ ತಂಪು. ಕುಂಬಳೆ ಪೇಟೆ ಮುಟ್ಟುವಷ್ಟರಲ್ಲಿ ವೆಂಟಿನಿಂದ ಬೆಚ್ಚನೆ ಗಾಳಿ. ಕೆಲಸ ಮುಗಿಸಿ ವಾಪಸ್ ಬರುವಾಗ ಮತ್ತೆ ತಂಪು, ಇಪ್ಪತ್ತು ನಿಮಿಷಕ್ಕೆ ಮತ್ತೆ ಬೆಚ್ಚಗೆ. ಹಿಂದೆ ಕೂತಿದ್ದ ಅಮ್ಮ "ಎಂತ ಮಾರಾಯ, ಇದಕ್ಕೂ ಇಪ್ಪತ್ತು ನಿಮಿಷಕ್ಕೆ ಸುಸ್ತಾಗ್ತದಾ?" ಎಂದರು.

ಇಲ್ಲಿ ಎರಡು ರೋಗ ಒಂದೇ ಥರ ಕಾಣುತ್ತವೆ. ಒಂದು, ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುವುದು. ಆಗ ವೆಂಟಿನಿಂದ ಗಾಳಿಯೇ ಕಡಿಮೆಯಾಗುತ್ತದೆ. ಇನ್ನೊಂದು, ಗ್ಯಾಸಿನ ಜೊತೆ ಇರುವ ನೀರು, ಕಾಯಿಲಿಗೆ ದ್ರವ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ತೂತಿನಲ್ಲಿ ಐಸ್ ಆಗಿ ದಾರಿ ಮುಚ್ಚುವುದು. ಆಗ ಗಾಳಿ ಅಷ್ಟೇ ಜೋರಾಗಿ ಬರುತ್ತದೆ, ತಂಪು ಮಾತ್ರ ಇರುವುದಿಲ್ಲ. ನನ್ನದು ಎರಡನೆಯದು. ನನ್ನ ಕಾರಿನಲ್ಲಿ ವಾಲ್ವ್ ಬಾನೆಟ್ ಒಳಗೆ, ಎಂಜಿನ್ ಹಿಂದಿನ ತಗಡಿನ ಹತ್ತಿರ ಕೈಗೆ ಸಿಗುವ ಹಾಗಿದೆ. ಮನೆಗೆ ಬಂದು ಎಸಿ ಓಡುತ್ತಿರುವಾಗಲೇ ಗೇಜ್ ಹಾಕಿದೆ. ನೀಲಿ ಸೂಜಿ ಸೊನ್ನೆಗಿಂತ ಕೆಳಗೆ ಬಿದ್ದಿತ್ತು. ಹಳೇ ಬನಿಯನ್ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ ವಾಲ್ವಿಗೆ ಸುತ್ತಿದೆ. ಒಂದೇ ನಿಮಿಷ. ಸುಯ್ ಎಂದು ಸದ್ದು ಬಂತು, ಸೂಜಿ ಮೇಲೆದ್ದಿತು, ವೆಂಟ್ ತಣ್ಣಗಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನೀರು ಬಂದಿದ್ದು ಆ ಎಣ್ಣೆ ಬಾಟಲಿಯಿಂದ ಮತ್ತು ಕರೆಂಟ್ ಹೋದ ಸಂಜೆಯ ಗಾಳಿಯಿಂದ. ಅದನ್ನು ಹೀರಬೇಕಾದ ಡ್ರೈಯರ್ ಹಳೆಯದು, ಹೊಟ್ಟೆ ತುಂಬಿತ್ತು. ಗ್ಯಾಸ್ ಲೈನ್ ಬಿಚ್ಚಿದಾಗ ಡ್ರೈಯರ್ ಬದಲಿಸಬೇಕು. ಅದನ್ನು ಉಳಿಸಲು ಹೋಗಿ ಒಂದು ಕ್ಯಾನ್ ಗ್ಯಾಸ್ ಹಾಳು. ಹೊಸ ಡ್ರೈಯರ್, ಹೊಸ ಡಬ್ಬಿಯ ಎಣ್ಣೆ. 30 ಡಿಗ್ರಿಯಲ್ಲಿ ಲೈನಿನೊಳಗಿನ ನೀರು ಕುದಿದು ಆವಿಯಾಗಬೇಕಾದರೆ ವ್ಯಾಕ್ಯೂಮ್ ಗೇಜ್ ಪಾದರಸದ ಲೆಕ್ಕದಲ್ಲಿ 28.7 ಇಂಚು ದಾಟಬೇಕು. ದಾಟಿದ ಮೇಲೂ ಹೊತ್ತು ಕೊಡಬೇಕು. ಹಾಗಾಗಿ ಒಂದೂವರೆ ಗಂಟೆ ಪಂಪ್ ಓಡಿಸಿದೆ, ಈ ಸಲ ಇನ್ವರ್ಟರ್‌ನಲ್ಲಿ. ಆಮೇಲೆ ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾದೆ. ಸೂಜಿ ಅಲ್ಲಾಡಲಿಲ್ಲ. ಮತ್ತೆ 158 ಗ್ರಾಂ.

ಓಡುವಾಗ 8 ಡಿಗ್ರಿ. ತಲಪಾಡಿ ಗೇಟಿನ ಸಾಲಿನಲ್ಲಿ ನಿಂತರೆ 13. ಹೊರಟರೆ ಮತ್ತೆ 8. ಆಗ ಆ ದಿನದ ನೀರಿನ ಪೈಪ್ ನೆನಪಾಯಿತು. ಫ್ಯಾನ್ ಸರಿಯಾಗಿಯೇ ತಿರುಗುತ್ತಿತ್ತು. ಎದುರಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛ. ರೇಡಿಯೇಟರಿನ ಮೇಲಿನ ಎರಡು ಬೋಲ್ಟ್ ಬಿಚ್ಚಿ ಹಿಂದಕ್ಕೆ ವಾಲಿಸಿ ಟಾರ್ಚ್ ಬಿಟ್ಟೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಂಬಳಿ ಹಾಸಿದ ಹಾಗೆ ಏನೋ ಇತ್ತು. ಎಳೆದರೆ ಪದರವಾಗಿಯೇ ಬಂತು. ಅಡಿಕೆ ಸಿಪ್ಪೆಯ ನಾರು! ಅಂಗಳದಲ್ಲಿ ಅಡಿಕೆ ಸುಲಿಯುವಾಗ ಕಾರು ಪಕ್ಕದಲ್ಲೇ ನಿಲ್ಲುತ್ತದೆ. ನಾರಿನ ಮೇಲೆ ಹೆದ್ದಾರಿ ಕೆಲಸದ ಕೆಂಪು ಧೂಳು ಕೂತು ಮಳೆಗೆ ಗಟ್ಟಿಯಾಗಿತ್ತು. ಕಡಿಮೆ ಒತ್ತಡದ ನೀರಿನಲ್ಲಿ ಹಿಂದಿನಿಂದ ಮುಂದಕ್ಕೆ ತೊಳೆದೆ. ಜೋರು ನೀರು ಬಿಟ್ಟರೆ ರೆಕ್ಕೆಗಳು ಮಡಚುತ್ತವೆ. ನಿಂತಾಗಲೂ 9 ಡಿಗ್ರಿ ಬಂತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ತಿಂಗಳಲ್ಲಿ 11 ಆಯಿತು. ಎಲ್ಲೋ ಸೋರಿಕೆ. ಫ್ರಿಜ್ ಕೆಲಸದ ಲೀಕ್ ಡಿಟೆಕ್ಟರನ್ನು ಒಂದೊಂದೇ ಜಾಯಿಂಟಿಗೆ ಹಿಡಿಯುತ್ತ ಬಂದೆ. ಎಲ್ಲೂ ಸದ್ದಿಲ್ಲ. ಎಸಿ ನೀರು ತೊಟ್ಟಿಕ್ಕುವ ಪೈಪಿನ ಬಾಯಿಗೆ ಹಿಡಿದಾಗ ಕಿರುಚಿತು. ಬ್ಲೋವರ್ ಬಿಚ್ಚಿ ಸಣ್ಣ ಕನ್ನಡಿ ಹಿಡಿದು ನೋಡಿದರೆ ಕೂಲಿಂಗ್ ಕಾಯಿಲಿನ ಕೆಳಮೂಲೆಯಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು. ಕಾಯಿಲ್ ಇರುವುದು ಕಾರಿನ ಒಳಗೆ, ನಾವು ಕೂರುವ ಜಾಗದಲ್ಲಿ.

ಪ್ರೊಪೇನ್ ಗಾಳಿಯಲ್ಲಿ ನೂರಕ್ಕೆ 2 ಪಾಲು ದಾಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸಣ್ಣ ಕಾರಿನ ಒಳಗೆ 3 ಘನ ಮೀಟರ್ ಗಾಳಿ ಇದೆ ಎಂದು ಹಿಡಿದರೆ, ಸುಮಾರು 110 ಗ್ರಾಂ ಸಾಕು. ನಾನು ತುಂಬಿಸಿದ್ದು 158. ಇಷ್ಟಿಷ್ಟೇ ಸೋರಿದರೆ ಏನೂ ಆಗಲಿಕ್ಕಿಲ್ಲ. ಗ್ಲಾಸ್ ಹಾಕಿ ನಿಲ್ಲಿಸಿದ ಕಾರಿನಲ್ಲಿ ಕಾಯಿಲ್ ಒಮ್ಮೆಲೇ ಒಡೆದರೆ? ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಮಾಡುತ್ತಾರೆ. ಫ್ರಿಜ್‌ನಲ್ಲಿ 50 ಗ್ರಾಂ ಗ್ಯಾಸ್ ದೊಡ್ಡ ಅಡುಗೆ ಮನೆಯಲ್ಲಿ ಇರುತ್ತದೆ, ಆ ಲೆಕ್ಕ ಬೇರೆ. ಆ ಗ್ಯಾಸಿಗೆಂದೇ ಮಾಡದ ಕಾರಿನಲ್ಲಿ ನನಗಿದು ಬೇಡ ಅನ್ನಿಸಿತು. ಅಡುಗೆ ಸಿಲಿಂಡರಿನಿಂದಲೇ ಹಾಕಿದರೆ ಆಗದಾ ಎಂದು ಕೇಳಿದವರೂ ಇದ್ದಾರೆ. ಅವರಿಗೆ ಕೈ ಮುಗಿದೆ.

ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಕಾಯಿಲ್ ಹಾಕಲು ಎರಡು ದಿನ ಹಿಡಿಯಿತು. ಲೈನ್ ಬಿಚ್ಚಿದ್ದಕ್ಕೆ ಮತ್ತೊಂದು ಡ್ರೈಯರ್, ಮತ್ತೆ ಒಂದೂವರೆ ಗಂಟೆ ವ್ಯಾಕ್ಯೂಮ್. ಈ ಸಲ 134ಎ, ತಕ್ಕಡಿಯಲ್ಲಿ 450 ಗ್ರಾಂ. ವೆಂಟ್ 8 ಡಿಗ್ರಿ. ಚೆನ್ನಾಗಿ ಕೆಲಸ ಮಾಡಿದ್ದಾಗ ಆ ಮಿಶ್ರಣವೂ ಕೊಟ್ಟಿದ್ದು 8.

"ಅಷ್ಟೆಲ್ಲ ಮಾಡಿ ಕೊನೆಗೆ ಮೊದಲಿನ ಗ್ಯಾಸೇ ಹಾಕಿದ್ದಾ?" ಎಂದಳು ಹೆಂಡತಿ. ಹೌದು ಎಂದೆ. ಉಳಿದ ಅರ್ಧ ಕ್ಯಾನ್ ಶೆಡ್ಡಿನ ಹೊರಗೆ ನೆರಳಿನಲ್ಲಿ ತೂಗುಹಾಕಿದ್ದೇನೆ. ಗ್ಯಾರೇಜಿನ ಗೆಳೆಯ ಬಂದಾಗಲೆಲ್ಲ ಅದನ್ನು ನೋಡಿ ನಗುತ್ತಾನೆ.