ಮೈಸೂರು ಲ್ಯಾನ್ಸರ್ಸ್ ಸವಾರನ ಕಾಲುಪಟ್ಟಿ: ಮನೆಯಲ್ಲೇ ಮಾಡಿ

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರ ಜೊತೆ ಹೈಫಾ ಊರಿನ (ಈಗಿನ ಇಸ್ರೇಲಿನಲ್ಲಿದೆ) ಮೇಲೆ ಕುದುರೆ ನುಗ್ಗಿಸಿದವರು ನಮ್ಮ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆ. ಆ ಸವಾರನ ಉಡುಪನ್ನು ಕೈಯಾರೆ ಮಾಡಿ ನೋಡುವ ಆಸೆ ಇದ್ದವರಿಗೆ ಮೊದಲು ಕಾಣುವುದು ಈಟಿ, ಪೇಟ. ನಾನು ಹೇಳುವುದು, ಕಾಲಿನಿಂದ ಶುರು ಮಾಡಿ. ಮೊಣಕಾಲಿನಿಂದ ಪಾದದ ಗಂಟಿನವರೆಗೆ ಸುತ್ತುವ ಆ ಉಣ್ಣೆ ಪಟ್ಟಿ ಸರಿಯಾಗಿ ಕೂರದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ವೇಷದಂತೆ ಕಾಣುತ್ತದೆ. ಇಂಗ್ಲಿಷಿನವರು ಇದನ್ನು ‘ಪುಟಿ’ ಎಂದರು. ಆ ಪದ ಹುಟ್ಟಿದ್ದೇ ಹಿಂದಿಯ ‘ಪಟ್ಟಿ’ಯಿಂದ.

ಬಟ್ಟೆ ಉಣ್ಣೆಯದೇ ಆಗಬೇಕು. ಖಾಕಿ ಕಾಟನ್ ಅಗ್ಗ, ನಿಜ. ಆದರೆ ಅದು ಎಳೆದರೆ ಹಿಗ್ಗುವುದಿಲ್ಲ, ನಾಲ್ಕು ಹೆಜ್ಜೆಗೇ ಜಾರುತ್ತದೆ. ಕಂಬಳಿ ದಪ್ಪ ಜಾಸ್ತಿ. ತೆಳ್ಳಗಿನ, ಒರಟು ಉಣ್ಣೆ ಬಟ್ಟೆ ಹುಡುಕಿ. 58 ಇಂಚು ಪನ್ನದ ಬಟ್ಟೆ 3 ಮೀಟರ್ ತಂದರೆ ಉದ್ದಕ್ಕೆ 4 ಇಂಚು ಅಗಲದ 14 ಪಟ್ಟಿ ಸಿಗುತ್ತವೆ. ಅಂದರೆ 7 ಜೊತೆ. ಗೆಳೆಯರು ಸೇರಿ ಕೊಳ್ಳುವುದೇ ಲಾಭ.

ಪ್ರತಿ ಪಟ್ಟಿಯ ಉದ್ದ ಸುಮಾರು 9 ಅಡಿ ಇರಲಿ. ಅಂಚನ್ನು ಮಡಚಿ ಹೊಲಿಯಬೇಡಿ, ಸುತ್ತಿದಾಗ ಉಬ್ಬುತ್ತದೆ. ನೂಲು ಬಿಡದಂತೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಸಾಕು. ಒಂದು ತುದಿಯನ್ನು ಚೂಪಾಗಿ ಕತ್ತರಿಸಿ, ಅಲ್ಲಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಉದ್ದದ ಹತ್ತಿ ಲಾಡಿ ಹೊಲಿಯಿರಿ. ಬಿಳಿ ಲಾಡಿಯನ್ನು ಟೀ ಡಿಕಾಕ್ಷನ್‌ನಲ್ಲಿ ನೆನೆಸಿದರೆ ಬಣ್ಣ ಹೊಂದುತ್ತದೆ.

ಈಗ ಸುತ್ತುವುದು. ಹೆಚ್ಚಿನವರು ತಪ್ಪುವುದು ಇಲ್ಲೇ. ಕಾಲಾಳು ಪಾದದ ಗಂಟಿನಿಂದ ಮೇಲಕ್ಕೆ ಸುತ್ತಿ ಮೊಣಕಾಲಿನ ಕೆಳಗೆ ಲಾಡಿ ಕಟ್ಟುತ್ತಿದ್ದ. ಸವಾರ ಮೇಲಿನಿಂದ ಕೆಳಕ್ಕೆ ಸುತ್ತಿ ಪಾದದ ಗಂಟಿನ ಬಳಿ ಕಟ್ಟುತ್ತಿದ್ದ. ಮೊಣಕಾಲಿನ ಹತ್ತಿರ ಲಾಡಿ ಇದ್ದರೆ ಜೀನಿಗೆ ಉಜ್ಜುತ್ತದೆ, ಅಲ್ವಾ? ಲ್ಯಾನ್ಸರ್ ಉಡುಪು ತೊಟ್ಟು ಲಾಡಿಯನ್ನು ಮೇಲೆ ಕಟ್ಟಿಕೊಂಡವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿಂದಿನ ಸುತ್ತಿನ ಅರ್ಧದಷ್ಟನ್ನು ಮುಂದಿನ ಸುತ್ತು ಮುಚ್ಚಬೇಕು. ಮೀನಖಂಡದ ಮೇಲೆ ಬಿಗಿ ಬೇಡ, ಕಾಲು ಜೋಮು ಹಿಡಿಯುತ್ತದೆ. ಸುತ್ತಿದ ಮೇಲೆ ಹತ್ತು ಸಲ ಕೂತು ಎದ್ದು ನೋಡಿ. ಜಾರಿದರೆ ಬಿಚ್ಚಿ ಮತ್ತೆ ಸುತ್ತಿ.

ಒಂದು ಎಚ್ಚರಿಕೆ. ಸೈನಿಕನೆಂದು ನಂಬಿಸಲು ಸೇನೆಯ ಉಡುಪು, ಬ್ಯಾಡ್ಜ್ ಹಾಕುವುದು ಅಪರಾಧ. ಈಗಿನ ಸೇನೆಯ ಗುರುತುಗಳನ್ನು ಮುಟ್ಟಲೇಬೇಡಿ. ಹಳೆಯ ಕಾಲದ ಉಡುಪನ್ನೂ ಪ್ರದರ್ಶನಕ್ಕಷ್ಟೇ ಇಟ್ಟುಕೊಳ್ಳಿ.

ಬಿಚ್ಚಿದ ಪಟ್ಟಿಯನ್ನು ಲಾಡಿ ಒಳಗೆ ಬರುವಂತೆ ಸುರುಳಿ ಸುತ್ತಿಡಿ. ಮುಂದಿನ ಸಲ ಮೊಣಕಾಲಿನಿಂದ ನೇರವಾಗಿ ಬಿಚ್ಚುತ್ತಾ ಹೋಗಬಹುದು. ಪೆಟ್ಟಿಗೆಯಲ್ಲಿ ಎರಡು ನುಸಿಗುಳಿಗೆ ಹಾಕುವುದನ್ನು ಮರೆಯಬೇಡಿ.