ಅಂಗಳದ ದೀಪಕ್ಕೆ ಸೋಲಾರೋ, ವೈರೋ: ನಾನು ಹಾಕುವ ಲೆಕ್ಕ

ಸೋಲಾರ್ ಗಾರ್ಡನ್ ಲೈಟ್ ಬೇಕು ಅನ್ನುವವರೆಲ್ಲ ಮೊದಲು ಎತ್ತುವುದು ಕರೆಂಟ್ ಬಿಲ್ಲಿನ ಮಾತು. 5 ವ್ಯಾಟ್‌ನ 8 ಎಲ್‌ಇಡಿ ದೀಪಗಳು ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ 7.2 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಖರ್ಚು 50ರ ಆಸುಪಾಸು. ಅದನ್ನು ಉಳಿಸುವುದಕ್ಕೆ ಸೋಲಾರ್ ಬೇಕಾಗಿಲ್ಲ. ಮಲೆನಾಡಿನ ಮನೆಗಳಲ್ಲಿ ನಾನು ನೋಡುವುದು ಎರಡೇ: ದೀಪ ನಿಲ್ಲುವ ಜಾಗಕ್ಕೆ ಬಿಸಿಲು ಬೀಳುತ್ತದೆಯೇ, ಅಲ್ಲಿಯವರೆಗೆ ನೆಲ ಅಗೆಯಲು ಆಗುತ್ತದೆಯೇ.

ಬಿಸಿಲಿನ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿ ನಂಬಬೇಡಿ. ಅಂಗೈ ಅಗಲದ ಪ್ಯಾನೆಲ್, ಅಂದರೆ 10 ಸೆಂ.ಮೀ. ಚೌಕ, ನಡುಮಧ್ಯಾಹ್ನದ ಕಡುಬಿಸಿಲಿನಲ್ಲೂ 2 ವ್ಯಾಟ್ ಮುಟ್ಟುವುದಿಲ್ಲ. ದಿನಕ್ಕೆ ನಾಲ್ಕೂವರೆ ಗಂಟೆ ಪೂರ್ಣ ಬಿಸಿಲು ಸಿಕ್ಕಿತು ಅಂದುಕೊಂಡರೂ, ನಷ್ಟ ಕಳೆದು ಬ್ಯಾಟರಿಗೆ ಸೇರುವುದು ಸುಮಾರು 6 ವ್ಯಾಟ್-ಅವರ್. ನಿಜವಾದ 5 ವ್ಯಾಟ್ ದೀಪ 12 ಗಂಟೆ ಉರಿಯಲು ಬೇಕಾದ್ದು 60. ಹಾಗಾದರೆ ಆ ಚಿಕ್ಕ ಪ್ಯಾನೆಲ್ ಹೊತ್ತ ದೀಪಕ್ಕೆ ‘100 ವ್ಯಾಟ್’ ಅಂತ ಬರೆದಿರುವುದು ಏನು ಅಂತ ನೀವೇ ಊಹಿಸಿ. ಇಂಥ ದೀಪ ದಾರಿಯ ಅಂಚು ತೋರಿಸುತ್ತದೆ, ಅಷ್ಟೇ. ಮೆಟ್ಟಿಲು ಕಾಣಬೇಕು, ಹಾವು ಹರಿದರೆ ಗೊತ್ತಾಗಬೇಕು ಅನ್ನುವ ಕಡೆ ಇದು ಸಾಲದು.

ಇನ್ನು ನೆರಳು. ಪ್ಯಾನೆಲ್ಲಿನ ಸೆಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಒಂದು ಹಲಸಿನ ಎಲೆ ಒಂದು ಸೆಲ್ ಮುಚ್ಚಿದರೆ ಇಡೀ ಪ್ಯಾನೆಲ್ಲಿನ ಕರೆಂಟ್ ಕುಸಿಯುತ್ತದೆ. ಮಾವು, ಹಲಸು, ಅಡಿಕೆಯ ಕೆಳಗೆ ಸೋಲಾರ್ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಯಲಲ್ಲಿ ಇಟ್ಟದ್ದೂ ಸಂಜೆ ಹೊತ್ತಿದ ಒಂದೆರಡು ಗಂಟೆಯಲ್ಲೇ ಮಂಕಾಗುತ್ತದೆ. ಅರ್ಧಮರ್ಧ ಚಾರ್ಜ್‌ನಲ್ಲೇ ದಿನಾ ಬರಿದಾಗುವ ಬ್ಯಾಟರಿ ಬೇಗ ಸಾಯುತ್ತದೆ. ಮಳೆಗಾಲದಲ್ಲಿ ಸ್ವಿಚ್ ಆಫ್ ಮಾಡಿ ಒಳಗೆ ತಂದಿಡುವುದು ಲೇಸು. ಬಯಲುಸೀಮೆಯಲ್ಲಿ ಬಿಸಿಲಿಗೇನೂ ಬರವಿಲ್ಲ, ಆದರೆ ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಪ್ಯಾನೆಲ್ಲಿನ ಅಡಿಯಲ್ಲೇ ಕೂತ ಬ್ಯಾಟರಿ ಬೇಯುತ್ತದೆ. ಅಲ್ಲಿಗೆ ಬಿಸಿ ಹೆಚ್ಚು ತಾಳುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುವುದನ್ನೇ ಕೇಳಿ. ಇನ್ನೊಂದು: ಈ ದೀಪಗಳಲ್ಲಿ ಕತ್ತಲೆ ಗುರುತಿಸುವುದೂ ಸಾಮಾನ್ಯವಾಗಿ ಆ ಪ್ಯಾನೆಲ್ಲೇ. ಬೀದಿದೀಪದ ಬೆಳಕು ನೇರ ಬಿದ್ದರೆ ದೀಪ ಹೊತ್ತುವುದೇ ಇಲ್ಲ. ಕೆಟ್ಟಿದೆ ಅಂತ ವಾಪಸ್ ತರುವ ಎಷ್ಟೋ ದೀಪಗಳಿಗೆ ಇದೇ ಕಾಯಿಲೆ.

ವೈರ್ ಎಳೆಯುವುದಾದರೆ ತೋಟಕ್ಕೆ 230 ವೋಲ್ಟ್ ಒಯ್ಯುವುದಿಲ್ಲ. ಜಗುಲಿಯ ಒಳಗೆ, ನೀರು ಸಿಡಿಯದ ಕಡೆ 12 ವೋಲ್ಟ್ ಎಸ್‌ಎಂಪಿಎಸ್ (230 ವೋಲ್ಟನ್ನು 12ಕ್ಕೆ ಇಳಿಸುವ ಪೆಟ್ಟಿಗೆ) ಕೂರಿಸಿ, ಅದಕ್ಕೆ ಬರುವ 230 ವೋಲ್ಟ್ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್). 40 ವ್ಯಾಟ್ ಲೋಡಿಗೆ 60 ವ್ಯಾಟ್‌ನ ಎಸ್‌ಎಂಪಿಎಸ್. ಅದರ ಸಾಮರ್ಥ್ಯದ ನೂರಕ್ಕೆ 80ಕ್ಕಿಂತ ಹೆಚ್ಚು ಹೇರಿದರೆ ಬಿಸಿಯಾಗಿ ಬೇಗ ಹೋಗುತ್ತದೆ. ಇನ್ವರ್ಟರ್ ಲೈನಿಗೆ ಕೊಟ್ಟರೆ ಕರೆಂಟ್ ಹೋದಾಗಲೂ ದೀಪ ಇರುತ್ತದೆ.

12 ವೋಲ್ಟ್‌ನ ತೊಂದರೆ ಇರುವುದು ದೂರದಲ್ಲಿ. 40 ವ್ಯಾಟ್ ಅಂದರೆ 3.3 ಆಂಪ್. 1.5 ಚದರ ಮಿ.ಮೀ. ತಾಮ್ರದ ವೈರ್ 30 ಮೀಟರ್ ಹೋಗಿ ಬರುವಾಗ ಎಲ್ಲ ದೀಪವೂ ತುದಿಯಲ್ಲೇ ಇದ್ದರೆ 2.4 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. 2.5ರ ವೈರಿಗೆ 1.5 ವೋಲ್ಟ್. ಉದ್ದಕ್ಕೂ ಹಂಚಿದ ದೀಪಗಳಿಗೆ ಸುಮಾರು ಇದರ ಅರ್ಧ. ಜಗುಲಿ ಸಾಲಿನ ನಡುವಿಗೆ ಬರುವಂತಿದ್ದರೆ ಇನ್ನೂ ಒಳ್ಳೆಯ ಉಪಾಯ, ಎಸ್‌ಎಂಪಿಎಸ್ ಅನ್ನು ಅಲ್ಲೇ ಕೂರಿಸಿ ಎರಡೂ ಕಡೆಗೆ ನಾಲ್ಕು ನಾಲ್ಕು ದೀಪ ಹಂಚುವುದು. ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಗುಂಡಿ ಮುಚ್ಚುವ ಮೊದಲು ಎಲ್ಲ ದೀಪ ಹೊತ್ತಿಸಿ ಕೊನೆಯದರ ಬುಡದಲ್ಲಿ ಮಲ್ಟಿಮೀಟರ್ ಹಿಡಿಯಿರಿ. 11 ವೋಲ್ಟ್‌ಗಿಂತ ಕೆಳಗಿದ್ದರೆ ವೈರ್ ದಪ್ಪ ಮಾಡಿ. ಮುಚ್ಚಿದ ಮೇಲೆ ಅಗೆಯುವ ಕೂಲಿ ವೈರಿನ ಬೆಲೆಗಿಂತ ಜಾಸ್ತಿ.

ವೈರನ್ನು ಒಂದೂವರೆ ಅಡಿ ಆಳದಲ್ಲಿ, 25 ಮಿ.ಮೀ. ಪಿವಿಸಿ ಪೈಪಿನೊಳಗೆ ಹಾಕಿ, ಮೇಲೆ ಮರಳು, ಒಂದು ಸಾಲು ಇಟ್ಟಿಗೆ. ಪೈಪ್ ಇಲ್ಲದೆ ಹೂತರೆ ಹೆಗ್ಗಣ ಕಡಿಯುತ್ತದೆ, ಇಲ್ಲವೇ ಗಿಡ ನೆಡುವವರ ಗುದ್ದಲಿ ತಾಗುತ್ತದೆ.

ಆದರೂ ವೈರ್ ದೀಪ ಕೆಡುವುದು ಹೆಚ್ಚಾಗಿ ಜಾಯಿಂಟಿನಲ್ಲೇ. ಬರೀ ಇನ್ಸುಲೇಷನ್ ಟೇಪ್ ಸುತ್ತಿ ಮಣ್ಣಲ್ಲಿ ಬಿಟ್ಟ ಜಾಯಿಂಟ್ ಒಂದು ಮಳೆಗಾಲ ಕಳೆದರೆ ಹಸಿರು ಹಿಡಿದಿರುತ್ತದೆ. ಆ ನೀರು ಅಲ್ಲೇ ನಿಲ್ಲುವುದಿಲ್ಲ. ವೈರಿನ ಎಳೆಗಳ ನಡುವೆ ಹೀರಿಕೊಂಡು ದೀಪದ ಒಳಗೇ ಹೋಗುತ್ತದೆ. ಗ್ಲಾಸಿನ ಒಳಗೆ ಬೆವರು ಕಂಡರೆ ಎಷ್ಟೋ ಸಲ ತಪ್ಪು ದೀಪದ್ದಲ್ಲ, ಜಾಯಿಂಟಿನದು. ಜೆಲ್ ತುಂಬಿದ ಕನೆಕ್ಟರ್, ಇಲ್ಲವೇ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಜಂಕ್ಷನ್ ಬಾಕ್ಸಿಗೆ ವೈರ್ ಕೆಳಗಿನಿಂದಲೇ ಒಳಹೋಗಲಿ, ವೈರ್ ಹೊಕ್ಕ ತೂತನ್ನು ಮುಚ್ಚುವ ಗ್ಲ್ಯಾಂಡ್ ಬಿಗಿಯಿರಲಿ. ಸಂದು ಸಿಕ್ಕರೆ ಇರುವೆ ಗೂಡು ಕಟ್ಟುತ್ತದೆ. ನೆಲಕ್ಕೆ ಸಮವಾಗಿ ಹೂಳುವ ದೀಪಕ್ಕೆ ಐಪಿ67 (ಧೂಳು, ನೀರು ತಡೆಯುವ ದರ್ಜೆ) ಬೇಕು, ಅಡಿಯಲ್ಲಿ ಅರ್ಧ ಅಡಿ ಜಲ್ಲಿ ಹಾಕಿದರೆ ನೀರು ಇಂಗುತ್ತದೆ. ಕಡ್ಡಿ ಊರಿ ನಿಲ್ಲಿಸುವುದಕ್ಕೆ ಐಪಿ65 ಸಾಕು. ಬೆಳಕಿನ ಬಣ್ಣ 3000 ಕೆಲ್ವಿನ್, ಅಂದರೆ ಹಳದಿ ಛಾಯೆ, ದಾಟದಿರಲಿ, ಬಿಳಿ ಬೆಳಕಿಗೆ ಮಳೆಹುಳ ಮುತ್ತುತ್ತದೆ.

ಸೋಲಾರಿಗೆ ನಾನು ತಕ್ಷಣ ಒಪ್ಪುವ ಜಾಗ ಒಂದಿದೆ: ತೋಟದ ಆ ಕಡೆಯ ಗೇಟು, ಮನೆಯಿಂದ 200 ಮೀಟರ್ ದೂರ, ಮಧ್ಯೆ ಜಂಬಿಟ್ಟಿಗೆ ಕಲ್ಲಿನ ನೆಲ. ಅಲ್ಲಿ ಅಗೆಯುವುದು ದಂಡ. ಆದರೆ ದೀಪ, ಪ್ಯಾನೆಲ್ ಎರಡೂ ಒಂದರಲ್ಲೇ ಇರುವುದು ಬೇಡ. ಬೇರೆ 10 ವ್ಯಾಟ್ ಪ್ಯಾನೆಲ್ ಕಂಬದ ಮೇಲೆ, ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ. ಅಷ್ಟು ಓರೆ ಇದ್ದರೆ ಧೂಳು ಮಳೆಗೆ ತೊಳೆದು ಹೋಗುತ್ತದೆ. ಹಕ್ಕಿ ಹಿಕ್ಕೆಯನ್ನು ಮಾತ್ರ ನೀವೇ ಒರೆಸಬೇಕು.